ಬಲೆಯ ಕಣ್ಣು ಮಸುಕಾದಾಗ

ಮಂಗಳೂರಿನ ಹಳೆ ಬಂದರಿನ ದಕ್ಕೆಯಲ್ಲಿ ನಿಂತು ಪಶ್ಚಿಮಕ್ಕೆ ನೋಡಿದರೆ ನದಿಯ ಆಚೆ ದಡದಲ್ಲಿ ಕಾಣುವ ಮರಳಿನ ಪಟ್ಟಿಯೇ ಬೆಂಗ್ರೆ. ಒಂದು ಮಗ್ಗುಲಲ್ಲಿ ಫಲ್ಗುಣಿ, ಇನ್ನೊಂದು ಮಗ್ಗುಲಲ್ಲಿ ಅರಬ್ಬಿ ಸಮುದ್ರ, ದಕ್ಷಿಣದ ತುದಿಯಲ್ಲಿ ನೇತ್ರಾವತಿ–ಫಲ್ಗುಣಿಗಳು ಕಡಲು ಸೇರುವ ಅಳಿವೆ. ಮೊಗವೀರರೂ ಬ್ಯಾರಿಗಳೂ ತಲೆಮಾರುಗಳಿಂದ ಮೀನುಗಾರಿಕೆಯನ್ನು ನೆಚ್ಚಿ ಬಾಳುತ್ತಿರುವ ಊರಿದು. ದೋಣಿ ಏರಿದರೆ ಪೇಟೆ ಕೆಲವೇ ನಿಮಿಷಗಳ ದಾರಿ. ರಸ್ತೆ ಹಿಡಿದರೆ ತಣ್ಣೀರುಬಾವಿ, ಕೂಳೂರುಗಳನ್ನು ಸುತ್ತಿ ಬರಬೇಕು. ಮಹಾನಗರ ಪಾಲಿಕೆಯ ವ್ಯಾಪ್ತಿಗೇ ಸೇರಿದ್ದರೂ, ನಗರದ ಸೌಲಭ್ಯಗಳ ಮಾತು ಬಂದಾಗ ನಡುವಿನ ನದಿ ಸ್ವಲ್ಪ ಹೆಚ್ಚೇ ಅಗಲವಾಗಿಬಿಡುತ್ತದೆ.

ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ದೋಣಿಗಳು ದಡ ಸೇರುವ ಈ ಎರಡು ತಿಂಗಳು ಬಲೆ ದುರಸ್ತಿಯ ಕಾಲವೂ ಹೌದು. ಬಲೆಯ ಒಂದೊಂದು ರಂಧ್ರವನ್ನೂ ನಮ್ಮ ಭಾಷೆ ‘ಕಣ್ಣು’ ಎಂದೇ ಕರೆಯುತ್ತದೆ. ಹರಿದ ಕಣ್ಣನ್ನು ಹುಡುಕಿ, ನೈಲಾನ್ ನೂಲನ್ನು ಹೊಂದಿಸಿ, ಗಂಟು ಬಿಗಿಯುವ ಕೆಲಸ ಒಂದು ಮೊಳದೊಳಗಿನ ಅಂತರದಲ್ಲಿ ನಡೆಯಬೇಕು. ನಲವತ್ತೈದು ದಾಟಿದವನಿಗೆ ಆ ಅಂತರದಲ್ಲಿ ನೂಲು ಮಸುಕಾಗತೊಡಗಿದರೆ, ಇದೆಲ್ಲ ವಯಸ್ಸಿನ ಮಹಿಮೆ ಎಂದುಕೊಂಡು ಸೂಜಿಯನ್ನು ಕಿರಿಯರ ಕೈಗೆ ಒಪ್ಪಿಸುವುದು ಸುಲಭ. ಬೀಡಿ ಕಟ್ಟುವ ಮಹಿಳೆಗೆ ನೂಲಿನ ಗಂಟು, ಮೀನು ಮಾರುವವಳಿಗೆ ಮೊಬೈಲಿನ ಮೇಲಿನ ಅಂಕಿ, ಶಾಲೆಯ ಹಿಂದಿನ ಬೆಂಚಿನ ಹುಡುಗನಿಗೆ ಕಪ್ಪುಹಲಗೆಯ ಬರಹ – ಮಸುಕಾಗುವ ವಸ್ತು ಬೇರೆ ಬೇರೆ. ಪರಿಹಾರ ಮಾತ್ರ ಬಹುಪಾಲು ಒಂದೇ. ಅದು ಏಳು ಶತಮಾನಗಳಿಂದ ಮನುಷ್ಯನಿಗೆ ಗೊತ್ತಿರುವ ಕನ್ನಡಕ.

ಇಷ್ಟು ಹಳೆಯ, ಇಷ್ಟು ಅಗ್ಗದ ಪರಿಹಾರವೊಂದು ಬೇಕಾದವರನ್ನೆಲ್ಲ ಏಕೆ ತಲಪಿಲ್ಲ ಎಂಬುದು ಯೋಚಿಸಬೇಕಾದ ಪ್ರಶ್ನೆ. ಹಣದ ಕೊರತೆ ಒಂದು ಕಾರಣವಿರಬಹುದು. ಅದಕ್ಕಿಂತ ದೊಡ್ಡ ಕಾರಣ, ದೃಷ್ಟಿದೋಷ ಎಂದರೇನು ಎಂಬುದರ ಬಗ್ಗೆ ಓದು ಬಲ್ಲವರಲ್ಲಿಯೂ ಇರುವ ಅಸ್ಪಷ್ಟತೆ.

ಕಣ್ಣಿನ ಕೆಲಸವನ್ನು ಸರಳವಾಗಿ ಹೀಗೆ ಹೇಳಬಹುದು: ಹೊರಗಿನ ಬೆಳಕಿನ ಕಿರಣಗಳನ್ನು ಬಾಗಿಸಿ, ಕಣ್ಣಿನ ಹಿಂಭಾಗದಲ್ಲಿರುವ ಅಕ್ಷಿಪಟಲದ ಮೇಲೆ ಸರಿಯಾಗಿ ಕೂಡಿಸುವುದು. ಬಾಗಿಸುವ ಕೆಲಸದ ಸುಮಾರು ಮೂರನೇ ಎರಡರಷ್ಟನ್ನು ಕಣ್ಣಿನ ಮುಂಭಾಗದ ಪಾರದರ್ಶಕ ಹೊದಿಕೆಯಾದ ಕಾರ್ನಿಯಾ ಮಾಡುತ್ತದೆ. ಉಳಿದದ್ದನ್ನು ಒಳಗಿನ ಮಸೂರ. ವಯಸ್ಕರ ಕಣ್ಣುಗುಡ್ಡೆಯ ಉದ್ದ ಸುಮಾರು 24 ಮಿಲಿಮೀಟರ್. ಕಾರ್ನಿಯಾದ ಬಾಗು, ಮಸೂರದ ಶಕ್ತಿ, ಗುಡ್ಡೆಯ ಉದ್ದ – ಈ ಮೂರೂ ಒಂದಕ್ಕೊಂದು ಹೊಂದಿಕೊಂಡರೆ ಚಿತ್ರ ಸ್ಪಷ್ಟ. ಇವುಗಳ ಲೆಕ್ಕ ಒಂದಿಷ್ಟು ತಪ್ಪಿದರೆ ಚಿತ್ರ ಅಕ್ಷಿಪಟಲದ ಮುಂದೆಯೋ ಹಿಂದೆಯೋ ಬಿದ್ದು ಮಸುಕಾಗುತ್ತದೆ. ವೈದ್ಯರು ಇದನ್ನೇ ವಕ್ರೀಭವನ ದೋಷ ಎನ್ನುತ್ತಾರೆ. ಸಾಮಾನ್ಯವಾಗಿ ಇದು ಸೋಂಕಲ್ಲ, ಕಣ್ಣಿನ ದೌರ್ಬಲ್ಯವೂ ಅಲ್ಲ, ಅಳತೆಯ ವ್ಯತ್ಯಾಸ. ಅಂಗಿಯ ಅಳತೆ ಎಲ್ಲರಿಗೂ ಒಂದೇ ಆಗಿರದಿರುವುದಕ್ಕೆ ಯಾರೂ ನಾಚುವುದಿಲ್ಲ. ಕಣ್ಣಿನ ಅಳತೆಗೆ ಮಾತ್ರ ನಾಚಿಕೆ ಏಕೆ?

ಕಣ್ಣುಗುಡ್ಡೆ ಬೇಕಾದ್ದಕ್ಕಿಂತ ಉದ್ದವಾಗಿದ್ದರೆ ದೂರದ ವಸ್ತುವಿನ ಚಿತ್ರ ಅಕ್ಷಿಪಟಲಕ್ಕಿಂತ ಮುಂದೆಯೇ ಕೂಡುತ್ತದೆ. ಹತ್ತಿರದ್ದು ಕಾಣುತ್ತದೆ, ದೂರದ್ದು ಮಸುಕು. ಇದೇ ಸಮೀಪದೃಷ್ಟಿ. ಹೆಸರು ಕೇಳಿದೊಡನೆ ಸಮೀಪದ್ದು ಕಾಣದ ತೊಂದರೆ ಎಂದು ಅನೇಕರು ತಿಳಿಯುವುದುಂಟು. ಹೆಸರು ಹೇಳುತ್ತಿರುವುದು ಉಳಿದಿರುವ ಶಕ್ತಿಯನ್ನು, ಕಳೆದದ್ದನ್ನಲ್ಲ. ಒಂದು ಮಿಲಿಮೀಟರ್ ಹೆಚ್ಚಿನ ಉದ್ದ ಕನ್ನಡಕದ ‘ಪವರ್’ನಲ್ಲಿ ಸುಮಾರು ಎರಡೂವರೆಯಿಂದ ಮೂರು ಡಯಾಪ್ಟರ್‌ಗೆ ಸಮ. ಅಂಚು ದಪ್ಪ, ನಡು ತೆಳುವಾದ ನಿಮ್ನ ಮಸೂರ ಇದನ್ನು ಸರಿಪಡಿಸುತ್ತದೆ. ತೀವ್ರ ಸಮೀಪದೃಷ್ಟಿಯಲ್ಲಿ ಹಿಗ್ಗಿದ ಗುಡ್ಡೆಯೊಳಗಿನ ಅಕ್ಷಿಪಟಲವೂ ಎಳೆತಕ್ಕೆ ಒಳಗಾಗುವುದರಿಂದ ಅದು ಕಳಚಿಕೊಳ್ಳುವ ಅಪಾಯ ಹೆಚ್ಚು. ಗ್ಲಾಕೋಮಾದ ಸಾಧ್ಯತೆಯೂ ಹೆಚ್ಚು. ಲೇಸರ್ ಚಿಕಿತ್ಸೆ ಕಾರ್ನಿಯಾದ ಬಾಗನ್ನು ತಿದ್ದೀತೇ ಹೊರತು ಗುಡ್ಡೆಯ ಉದ್ದವನ್ನು ಕಡಿಮೆ ಮಾಡದು. ಆದ್ದರಿಂದ ಕನ್ನಡಕ ಕಳಚಿದ ಮೇಲೂ ತಪಾಸಣೆ ನಿಲ್ಲಿಸುವಂತಿಲ್ಲ.

ಗುಡ್ಡೆ ಗಿಡ್ಡವಾಗಿದ್ದರೆ ಅಥವಾ ಬಾಗಿಸುವ ಶಕ್ತಿ ಸಾಲದಿದ್ದರೆ ದೂರದೃಷ್ಟಿ. ಹುಟ್ಟಿದ ಮಗುವಿನ ಕಣ್ಣು ಚಿಕ್ಕದಿರುವುದರಿಂದ ಹೆಚ್ಚಿನ ಶಿಶುಗಳಲ್ಲಿ ಇದು ಅಷ್ಟಿಷ್ಟು ಇರುತ್ತದೆ, ಬೆಳೆದಂತೆ ಮಾಯವಾಗುತ್ತದೆ. ಉಳಿದುಕೊಂಡರೆ ಕಂಡುಹಿಡಿಯುವುದು ಕಷ್ಟ. ಎಳೆಯ ಮಸೂರ ಮೃದುವಾಗಿರುವುದರಿಂದ ಮಗು ಕಣ್ಣಿನ ಸ್ನಾಯುವನ್ನು ಬಿಗಿಹಿಡಿದು ಕೊರತೆಯನ್ನು ತುಂಬಿಕೊಳ್ಳುತ್ತದೆ. ಶಾಲೆಯ ಅಕ್ಷರಪಟದ ಪರೀಕ್ಷೆಯಲ್ಲಿ ಪಾಸಾಗುವ ಇಂಥ ಮಗು ಓದಲು ಕುಳಿತಾಗ ತಲೆನೋವು ಎನ್ನುತ್ತದೆ, ಪುಸ್ತಕವನ್ನು ದೂಡುತ್ತದೆ. ನಾವು ಅದಕ್ಕೆ ಸೋಮಾರಿ ಎಂಬ ಹೆಸರು ಕೊಡುತ್ತೇವೆ. ದೋಷ ತೀವ್ರವಾಗಿದ್ದರೆ ಕಣ್ಣು ಮೂಗಿನತ್ತ ವಾಲಿ ಮೆಳ್ಳೆಗಣ್ಣಾಗಬಹುದು. ಅದನ್ನು ಅದೃಷ್ಟದ ಗುರುತೆಂದು ನಂಬಿ ಸುಮ್ಮನಾಗುವ ಕುಟುಂಬಗಳು ಇಂದಿಗೂ ಇವೆ. ಎಳವೆಯಲ್ಲಿ ಸ್ಪಷ್ಟ ಚಿತ್ರವನ್ನೇ ಕಾಣದ ಕಣ್ಣಿನೊಂದಿಗೆ ಮಿದುಳು ವ್ಯವಹರಿಸುವುದನ್ನು ಕಲಿಯುವುದೇ ಇಲ್ಲ. ಏಳೆಂಟು ವರ್ಷದೊಳಗೆ ಸರಿಪಡಿಸದಿದ್ದರೆ, ಮುಂದೆ ಎಷ್ಟು ಒಳ್ಳೆಯ ಕನ್ನಡಕ ಹಾಕಿದರೂ ಆ ಕಣ್ಣಿನ ದೃಷ್ಟಿ ಪೂರ್ತಿಯಾಗಿ ಮರಳುವುದು ಕಷ್ಟ.

ಮೂರನೆಯದು ಅಸಮದೃಷ್ಟಿ. ಕಾರ್ನಿಯಾ ಚೆಂಡಿನ ಮೈಯಂತೆ ಎಲ್ಲ ಕಡೆಗೂ ಸಮನಾಗಿ ಬಾಗಿರದೆ, ಮೊಟ್ಟೆಯ ಮಗ್ಗುಲಿನಂತೆ ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಬಾಗಿದ್ದರೆ ದೂರದ್ದೂ ಹತ್ತಿರದ್ದೂ ಎಳೆದಂತೆ ಕಾಣುತ್ತವೆ. ಇದಕ್ಕೆ ಸಿಲಿಂಡರ್ ಮಸೂರ ಬೇಕು. ಹೆಚ್ಚಿನವರಲ್ಲಿ ಇದು ಹುಟ್ಟಿನಿಂದ ಬಂದದ್ದು. ಕಡಲ ಮೇಲೆ ದುಡಿಯುವವರಲ್ಲಿ ಇನ್ನೊಂದು ದಾರಿಯಿಂದಲೂ ಬರಬಹುದು. ವರ್ಷಗಟ್ಟಲೆ ಬಿಸಿಲಿನ ನೇರಳಾತೀತ ಕಿರಣ, ಗಾಳಿ, ಉಪ್ಪಿನ ತುಂತುರುಗಳಿಗೆ ಒಡ್ಡಿಕೊಂಡ ಕಣ್ಣಿನಲ್ಲಿ ಬಿಳಿಭಾಗದಿಂದ ಕಪ್ಪುಭಾಗದತ್ತ ರೆಕ್ಕೆಯಾಕಾರದ ತೆಳು ಮಾಂಸದ ಪದರ ಬೆಳೆಯುತ್ತದೆ. ಟೆರಿಜಿಯಂ ಎನ್ನಿಸಿಕೊಳ್ಳುವ ಈ ಪದರ ಕಾರ್ನಿಯಾವನ್ನು ಎಳೆದು ಅದರ ಬಾಗನ್ನೇ ಕೆಡಿಸುತ್ತದೆ. ಅಗಲ ಅಂಚಿನ ಟೋಪಿ, ನೇರಳಾತೀತ ಕಿರಣ ತಡೆಯುವ ತಂಪು ಕನ್ನಡಕ ಮೀನುಗಾರನಿಗೆ ಶೋಕಿಯ ವಸ್ತುಗಳಲ್ಲ. ಲೈಫ್ ಜಾಕೆಟ್‌ನಂತೆ ಅವೂ ವೃತ್ತಿಯ ಸಲಕರಣೆಗಳೇ.

ನಾಲ್ಕನೆಯದು ಯಾರನ್ನೂ ಬಿಡದ ಚಾಳೀಸು. ನಲವತ್ತನ್ನು ಸೂಚಿಸುವ ಹಿಂದಿ, ಮರಾಠಿಗಳ ಪದವೇ ಕನ್ನಡಕ್ಕೆ ಬಂದು ರೋಗದ ಹೆಸರಾದದ್ದು ಅರ್ಥಪೂರ್ಣವಾಗಿಯೇ ಇದೆ. ವಯಸ್ಸಾದಂತೆ ಮಸೂರ ಗಡುಸಾಗಿ, ಹತ್ತಿರದ ನೋಟಕ್ಕೆ ಬೇಕಾದಷ್ಟು ಉಬ್ಬಲು ಅಸಮರ್ಥವಾಗುತ್ತದೆ. ಪತ್ರಿಕೆ ಹಿಡಿದ ಕೈ ದಿನೇದಿನೇ ಉದ್ದವಾಗುತ್ತದೆ. ಐವತ್ತರ ಹೊತ್ತಿಗೆ ಬಹುತೇಕ ಎಲ್ಲರೂ ಇದಕ್ಕೆ ಒಳಗಾಗುತ್ತಾರೆ. ಕಣ್ಣಿನ ವ್ಯಾಯಾಮ, ಸೊಪ್ಪುತರಕಾರಿ, ಪಥ್ಯ ಯಾವುದೂ ಇದನ್ನು ತಡೆಯದು. ಇದು ತಲೆಕೂದಲು ನರೆತಷ್ಟೇ ಸಹಜ. ವ್ಯತ್ಯಾಸವೆಂದರೆ, ನರೆತ ಕೂದಲಿನಿಂದ ದುಡಿಮೆ ನಿಲ್ಲುವುದಿಲ್ಲ, ಚಾಳೀಸಿನಿಂದ ನಿಲ್ಲುತ್ತದೆ.

ಈ ಮಾತು ನಮ್ಮ ಗಮನಕ್ಕೆ ಬಾರದಿರುವುದಕ್ಕೆ ಒಂದು ಕಾರಣ, ಕನ್ನಡಕವನ್ನು ನಾವು ಓದುವವರ ಸೊತ್ತೆಂದು ಭಾವಿಸಿರುವುದು. ಈ ಭಾವನೆಗೆ ದೀರ್ಘ ಇತಿಹಾಸವಿದೆ. ನಮ್ಮ ದೇಶದಲ್ಲಿ ಕನ್ನಡಕದ ಬಳಕೆಗೆ ಸಿಗುವ ಅತ್ಯಂತ ಹಳೆಯ ಉಲ್ಲೇಖಗಳಲ್ಲಿ ಒಂದು ಕರ್ನಾಟಕದ್ದೇ. ವಿಜಯನಗರ ಕಾಲದ ವ್ಯಾಸರಾಯರು ಕನ್ನಡಕ ಧರಿಸಿ ಗ್ರಂಥ ಓದುತ್ತಿದ್ದ ಚಿತ್ರ ಸೋಮನಾಥ ಕವಿಯ ಸಂಸ್ಕೃತ ಕೃತಿ ‘ವ್ಯಾಸಯೋಗಿಚರಿತ’ದಲ್ಲಿ ಬರುವುದನ್ನು ವಿದ್ವಾಂಸ ಪಿ.ಕೆ. ಗೋಡೆ ಗುರುತಿಸಿದ್ದರು. ಪೋರ್ಚುಗೀಸರು ಪಶ್ಚಿಮ ಕರಾವಳಿಗೆ ಕಾಲಿಟ್ಟ ಕೆಲವೇ ದಶಕಗಳಲ್ಲಿ ಕನ್ನಡಕ ಹಂಪಿಯ ಯತಿಗಳ ಮೂಗನ್ನೇರಿತ್ತು. ಅದೇ ಕರಾವಳಿಯಲ್ಲಿ ಬಲೆ ನೇಯುವವರ ಮೂಗನ್ನು ಏರಲು ಐನೂರು ವರ್ಷ ಸಾಲದಾಯಿತೇ?

ಪ್ರಯೋಜನದ ಬಗ್ಗೆ ಅನುಮಾನವಿದ್ದವರಿಗೆ ಪುರಾವೆ ಧಾರಾಳವಾಗಿದೆ. ಅಸ್ಸಾಮಿನ ಚಹಾ ತೋಟಗಳಲ್ಲಿ ನಲವತ್ತು ದಾಟಿದ 751 ಕಾರ್ಮಿಕರ ನಡುವೆ ನಡೆದ ಅಧ್ಯಯನದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು. ಅರ್ಧದಷ್ಟು ಮಂದಿಗೆ ಆರಂಭದಲ್ಲಿಯೇ ಚಾಳೀಸಿನ ಕನ್ನಡಕ ಕೊಟ್ಟು, ಉಳಿದವರಿಗೆ ಅಧ್ಯಯನ ಮುಗಿದ ಮೇಲೆ ಕೊಡಲಾಗಿತ್ತು. ಕನ್ನಡಕ ಪಡೆದವರು ದಿನಕ್ಕೆ ಕಿತ್ತ ಎಲೆಯ ತೂಕ ಇನ್ನೊಂದು ಗುಂಪಿಗಿಂತ ಶೇ 21.7ರಷ್ಟು ಹೆಚ್ಚಿತು. ಬಾಂಗ್ಲಾದೇಶದಲ್ಲಿ ಟೈಲರ್‌ಗಳು, ಕುಶಲಕರ್ಮಿಗಳು ಮೊದಲಾದವರ ನಡುವೆ ನಡೆದ, 2024ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ ಕನ್ನಡಕ ಪಡೆದವರ ತಿಂಗಳ ಆದಾಯ ಶೇ 33ರಷ್ಟು ಹೆಚ್ಚಿದ್ದು ಕಂಡುಬಂತು. ಹೊಸ ಯಂತ್ರವಿಲ್ಲ, ಹೊಸ ತರಬೇತಿಯಿಲ್ಲ. ಇದ್ದ ಕೌಶಲಕ್ಕೆ ಇದ್ದ ಕಣ್ಣನ್ನು ಮರಳಿಸಿದ್ದಷ್ಟೇ. ಚಹಾದ ಚಿಗುರಿಗೆ ಸಲ್ಲುವ ಲೆಕ್ಕ ಬಲೆಯ ಗಂಟಿಗೆ ಸಲ್ಲದಿರಲು ಕಾರಣವಿಲ್ಲ.

ಇನ್ನು ತಪ್ಪು ತಿಳಿವಳಿಕೆಗಳ ಮಾತು. ಕನ್ನಡಕ ಹಾಕಿದರೆ ಪವರ್ ಏರುತ್ತದೆ, ಆದ್ದರಿಂದ ಆದಷ್ಟು ದಿನ ತಳ್ಳಬೇಕು ಎಂಬ ನಂಬಿಕೆ ಪಟ್ಟಣದ ವಿದ್ಯಾವಂತ ಮನೆಗಳಲ್ಲಿಯೂ ಗಟ್ಟಿಯಾಗಿದೆ. ಪವರ್ ಏರುವುದು ಮಗುವಿನ ಕಣ್ಣು ಬೆಳೆಯುವುದರಿಂದ, ಕನ್ನಡಕದಿಂದಲ್ಲ. ಬೇಕಾದ್ದಕ್ಕಿಂತ ಕಡಿಮೆ ಪವರ್ ಕೊಟ್ಟರೆ ಏರಿಕೆ ನಿಂತೀತು ಎಂಬ ಊಹೆಯೂ ಪರೀಕ್ಷೆಗಳಲ್ಲಿ ಗೆದ್ದಿಲ್ಲ. ಪಶ್ಚಿಮ ಚೀನಾದ 252 ಶಾಲೆಗಳಲ್ಲಿ ಮಕ್ಕಳಿಗೆ ಉಚಿತ ಕನ್ನಡಕ ಕೊಟ್ಟು ನಡೆಸಿದ, 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಣಿತದ ಅಂಕಗಳು ಸುಧಾರಿಸಿದವು. ಮಂದ ಬೆಳಕಿನಲ್ಲಿ ಓದಿದರೆ ಕಣ್ಣು ಹಾಳಾಗುತ್ತದೆ, ಗಜ್ಜರಿ ತಿಂದರೆ ಕನ್ನಡಕ ಕಳಚಬಹುದು ಎಂಬ ಮಾತುಗಳೂ ಇದೇ ಜಾತಿಯವು. ವಿಟಮಿನ್ ಎ ಕೊರತೆ ಇರುಳುಗಣ್ಣಿಗೆ ಕಾರಣ, ನಿಜ. ಆದರೆ ಉದ್ದವಾದ ಕಣ್ಣುಗುಡ್ಡೆಯನ್ನು ಯಾವ ತರಕಾರಿಯೂ ಕುಗ್ಗಿಸದು. ಹೆಣ್ಣುಮಕ್ಕಳ ವಿಷಯದಲ್ಲಿ ಇನ್ನೊಂದು ಭಯ ಸೇರಿಕೊಳ್ಳುತ್ತದೆ: ಕನ್ನಡಕದ ಹುಡುಗಿಗೆ ಗಂಡು ಸಿಗುವುದೇ? ಈ ಭಯಕ್ಕೆ ಬಲಿಯಾಗುವುದು ಆಕೆಯ ಓದು.

ಹಾಗಾದರೆ ಸಮೀಪದೃಷ್ಟಿ ಏಕೆ ಹೆಚ್ಚುತ್ತಿದೆ? ತಂದೆತಾಯಿಗಳಿಬ್ಬರಿಗೂ ಇದ್ದರೆ ಮಕ್ಕಳಿಗೆ ಬರುವ ಸಂಭವ ಹೆಚ್ಚು ಎಂಬುದು ನಿಜ. ಆದರೆ ಪೂರ್ವ ಏಷ್ಯಾದ ನಗರಗಳಲ್ಲಿ ಒಂದೆರಡು ತಲೆಮಾರುಗಳೊಳಗೆ ಅದು ಏರಿದ ವೇಗಕ್ಕೆ ವಂಶವಾಹಿಗಳಷ್ಟೇ ಕಾರಣವಾಗಲಾರವು. 2008ರಲ್ಲಿ ಪ್ರಕಟವಾದ ಹೋಲಿಕೆಯೊಂದು ಈ ದೃಷ್ಟಿಯಿಂದ ಮುಖ್ಯ. ಆರೇಳು ವರ್ಷದ ಚೀನೀ ಮೂಲದ ಮಕ್ಕಳಲ್ಲಿ ಸಮೀಪದೃಷ್ಟಿ ಸಿಂಗಪುರದಲ್ಲಿ ಶೇ 29ರಷ್ಟು, ಸಿಡ್ನಿಯಲ್ಲಿ ಕೇವಲ ಶೇ 3ರಷ್ಟು. ಸಿಡ್ನಿಯ ಮಕ್ಕಳು ವಾರಕ್ಕೆ ಸುಮಾರು 14 ಗಂಟೆ ಬಯಲಿನಲ್ಲಿ ಕಳೆಯುತ್ತಿದ್ದರೆ, ಸಿಂಗಪುರದವರು ಸುಮಾರು 3 ಗಂಟೆ. ಚೀನಾದ ಗುವಾಂಗ್‌ಝೌ ನಗರದ ಶಾಲೆಗಳಲ್ಲಿ ದಿನಕ್ಕೆ 40 ನಿಮಿಷ ಹೊರಾಂಗಣ ಚಟುವಟಿಕೆ ಸೇರಿಸಿದಾಗ ಮೂರು ವರ್ಷಗಳಲ್ಲಿ ಹೊಸದಾಗಿ ಸಮೀಪದೃಷ್ಟಿಗೆ ಒಳಗಾದವರ ಪ್ರಮಾಣ ಶೇ 39.5ರ ಬದಲು ಶೇ 30.4ಕ್ಕೆ ಇಳಿಯಿತು ಎಂದು 2015ರ ವರದಿ ಹೇಳಿತು. ಪ್ರಖರ ಹಗಲು ಬೆಳಕು ಅಕ್ಷಿಪಟಲದಲ್ಲಿ ಡೋಪಮಿನ್ ಸ್ರವಿಸುವಂತೆ ಮಾಡಿ ಗುಡ್ಡೆಯ ಅತಿಬೆಳವಣಿಗೆಯನ್ನು ತಡೆಯುತ್ತದೆ ಎಂಬುದು ಇದಕ್ಕೆ ವಿಜ್ಞಾನಿಗಳು ಕೊಡುವ ಪ್ರಮುಖ ವಿವರಣೆ.

ಇಲ್ಲಿ ಬೆಂಗ್ರೆಯ ಮರಳ ದಂಡೆ ನಗರಕ್ಕೆ ಪಾಠ ಹೇಳುವಂತಿದೆ. ಸಂಜೆಯವರೆಗೆ ಕಡಲ ಬದಿಯಲ್ಲಿ ಚೆಂಡಾಡುವ ಮಗುವಿಗೆ ದುಡ್ಡಿಲ್ಲದೆ ದಕ್ಕುವ ಬೆಳಕು, ನದಿಯ ಈಚೆ ಬಹುಮಹಡಿ ಮನೆಗಳಲ್ಲಿ ಶಾಲೆ, ಟ್ಯೂಷನ್, ಮೊಬೈಲುಗಳ ನಡುವೆ ಬೆಳೆಯುವ ಮಗುವಿಗೆ ದಕ್ಕುತ್ತಿಲ್ಲ. ಮಕ್ಕಳ ಸಮೀಪದೃಷ್ಟಿಯ ಏರಿಕೆಯನ್ನು ನಿಧಾನಗೊಳಿಸಲು ಕಡಿಮೆ ಪ್ರಮಾಣದ ಅಟ್ರೋಪಿನ್ ಹನಿ, ವಿಶೇಷ ಮಸೂರಗಳು ಬಂದಿವೆ. ವೈದ್ಯರ ನಿಗಾದಲ್ಲಿ ಅವು ಉಪಯುಕ್ತ. ಆದರೆ ಆಟದ ಬಯಲನ್ನು ಕಟ್ಟಡಕ್ಕೆ ಬಿಟ್ಟುಕೊಟ್ಟು ಹನಿ ಮದ್ದನ್ನು ಹುಡುಕುವುದು ಬುದ್ಧಿವಂತಿಕೆಯಲ್ಲ. ಆಟದ ಪೀರಿಯಡ್ಡನ್ನು ಗಣಿತಕ್ಕೆ ಕೊಡುವ ಶಾಲೆಗಳೂ, ಅದನ್ನು ಮೆಚ್ಚುವ ಪೋಷಕರೂ ಈ ಅಂಕಿ ಅಂಶಗಳನ್ನು ಒಮ್ಮೆ ಗಮನಿಸಬೇಕು.

ನಮ್ಮ ನಾಡಿಗೆ ಕಣ್ಣಿನ ಸೇವೆಯ ದೊಡ್ಡ ಪರಂಪರೆಯೇ ಇದೆ. ಬೀಳಗಿಯಲ್ಲಿ ಹುಟ್ಟಿ, ಊರೂರು ಸುತ್ತಿ ಶಿಬಿರಗಳಲ್ಲಿ ಪೊರೆ ತೆಗೆದ ಡಾ. ಎಂ.ಸಿ. ಮೋದಿಯವರನ್ನು ಜನ ‘ಕಣ್ಣು ಕೊಟ್ಟ ಅಣ್ಣ’ ಎಂದು ಕರೆದರು. 2005ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಕಣ್ಣಿನ ಪೊರೆ ನಿವಾರಿಸಬಹುದಾದ ತೊಂದರೆ ಎಂಬ ಅರಿವು ಹಳ್ಳಿಹಳ್ಳಿಯನ್ನೂ ತಲಪಿತ್ತು. ಅಂಥ ಭಾಗ್ಯ ಕನ್ನಡಕಕ್ಕೆ ಒದಗಲಿಲ್ಲ. ಕತ್ತಲಿನಿಂದ ಬೆಳಕಿಗೆ ಬಂದವನ ಕಥೆ ಎಲ್ಲರ ಮನ ಕಲಕುತ್ತದೆ. ಮಸುಕಿನಿಂದ ಸ್ಪಷ್ಟತೆಗೆ ಬಂದವನ ಕಥೆ ಯಾರ ಗಮನಕ್ಕೂ ಬೀಳುವುದಿಲ್ಲ. ಕುರುಡು ಕಾಣುತ್ತದೆ, ಮಸುಕು ಕಾಣುವುದಿಲ್ಲ. ಅದನ್ನು ಅನುಭವಿಸುವವನಿಗೂ ಎಷ್ಟೋ ಸಲ ಗೊತ್ತಿರುವುದಿಲ್ಲ. ಲೋಕವೆಲ್ಲ ಹೀಗೆಯೇ ಕಾಣುತ್ತದೆ ಎಂದು ಹತ್ತು ವರ್ಷದ ಮಗು ತಿಳಿದಿದ್ದರೆ ಅದರಲ್ಲಿ ಆಶ್ಚರ್ಯವೇನು?

ಸರ್ಕಾರಿ ಯೋಜನೆಗಳು ಇಲ್ಲವೆಂದಲ್ಲ. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮ 1976ರಲ್ಲಿಯೇ ಆರಂಭವಾಗಿದೆ. ಶಾಲಾ ಮಕ್ಕಳಿಗೆ ಉಚಿತ ಕನ್ನಡಕ ಅದರ ಭಾಗ. 2024ರಲ್ಲಿ ರಾಜ್ಯ ಸರ್ಕಾರ ಮನೆಮನೆ ತಪಾಸಣೆ, ಉಚಿತ ಕನ್ನಡಕಗಳ ‘ಆಶಾಕಿರಣ’ ಯೋಜನೆಗೆ ಚಾಲನೆ ನೀಡಿತು. 2025ರ ಸೆಪ್ಟೆಂಬರ್‌ನಲ್ಲಿ ದೃಷ್ಟಿ ಸರಿಪಡಿಸುವ ಕನ್ನಡಕಗಳ ಮೇಲಿನ ಜಿಎಸ್‌ಟಿಯನ್ನು ಶೇ 5ಕ್ಕೆ ಇಳಿಸಲಾಯಿತು. ಮಂಗಳೂರಿಗಂತೂ ವೈದ್ಯರ ಕೊರತೆಯಿಲ್ಲ. 1848ರಷ್ಟು ಹಿಂದೆ ಸ್ಥಾಪನೆಯಾದ ವೆನ್‌ಲಾಕ್ ಆಸ್ಪತ್ರೆ ಇಲ್ಲಿದೆ. ನಗರದಲ್ಲಿ, ಸುತ್ತಮುತ್ತ ಹಲವು ವೈದ್ಯಕೀಯ ಕಾಲೇಜುಗಳಿವೆ. ಇಷ್ಟಿದ್ದೂ ಸೇವೆ ನಿಂತ ನೆಲದಲ್ಲಿ ನಿಂತು ರೋಗಿಗಾಗಿ ಕಾಯುತ್ತದೆ. ಒಂದು ದಿನದ ಕಡಲ ದುಡಿಮೆ ಬಿಟ್ಟು, ನದಿ ದಾಟಿ, ಸರದಿಯಲ್ಲಿ ನಿಂತು, ಕನ್ನಡಕ ಪಡೆಯಲು ಇನ್ನೊಂದು ದಿನ ಬರಬೇಕಾದವನು ಬಾರದೇ ಹೋದರೆ ತಪ್ಪು ಅವನದಲ್ಲ. ದೂರದೃಷ್ಟಿದೋಷಕ್ಕೆ ಕನ್ನಡಕ ಬೇಕಾದವರಲ್ಲಿ ಸರಿಯಾದ ಕನ್ನಡಕ ದೊರೆತವರು ಜಗತ್ತಿನಲ್ಲಿ ಶೇ 36ರಷ್ಟು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವಾಗ, ಉಳಿದವರಲ್ಲಿ ಹೆಚ್ಚಿನವರು ಇಂಥ ಲೆಕ್ಕಾಚಾರದಲ್ಲಿ ಸೋತವರೇ.

ಆದ್ದರಿಂದ ಬೆಂಗ್ರೆಯಂಥ ಊರುಗಳಿಗೆ ಬೇಕಾದದ್ದು ಹೊಸ ಆಸ್ಪತ್ರೆಯಲ್ಲ. ಪಂಚಾಂಗ ನೋಡಿ ಕೆಲಸ ಮಾಡುವ ವಿವೇಕ. ಮೀನುಗಾರರು ದಡದಲ್ಲಿರುವ 61 ದಿನಗಳು ಮೊದಲೇ ಗೊತ್ತು. ಶಾಲೆಗಳು ತೆರೆಯುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ. ಪ್ರತಿವರ್ಷ ಜೂನ್‌ನಲ್ಲಿ ಕರಾವಳಿಯ ಎಲ್ಲ ಮೀನುಗಾರಿಕಾ ಊರುಗಳಲ್ಲಿ ನಲವತ್ತು ದಾಟಿದವರಿಗೂ ಶಾಲಾ ಮಕ್ಕಳಿಗೂ ಒಟ್ಟಿಗೇ ಕಣ್ಣಿನ ತಪಾಸಣೆ ನಡೆಸಿ, ಜುಲೈ ಮುಗಿಯುವುದರೊಳಗೆ ಕನ್ನಡಕವನ್ನು ಮನೆಗೇ ತಲಪಿಸುವುದು ಆರೋಗ್ಯ ಇಲಾಖೆ, ಮೀನುಗಾರಿಕೆ ಇಲಾಖೆ, ವೈದ್ಯಕೀಯ ಕಾಲೇಜುಗಳು ಮನಸ್ಸು ಮಾಡಿದರೆ ಕಷ್ಟದ ಕೆಲಸವಲ್ಲ. ಓದು ಬಾರದವರಿಗೆ ನಾಲ್ಕು ದಿಕ್ಕಿಗೆ ತಿರುಗಿಸಿದ ಇಂಗ್ಲಿಷ್ ‘ಇ’ ಅಕ್ಷರದ ಪಟ ಸಾಕು. ಆರು ಮೀಟರ್ ದೂರದಿಂದ ಅದನ್ನು ಗುರುತಿಸುವ ಪರೀಕ್ಷೆಯನ್ನು ತರಬೇತಿ ಪಡೆದ ಶಿಕ್ಷಕರೂ ಆಶಾ ಕಾರ್ಯಕರ್ತೆಯರೂ ನಡೆಸಬಲ್ಲರು.

ಎಚ್ಚರಿಕೆಯ ಎರಡು ಮಾತುಗಳೂ ಅಗತ್ಯ. ಜಾತ್ರೆಯಲ್ಲೋ ಬಸ್ ನಿಲ್ದಾಣದ ಬದಿಯಲ್ಲೋ ಕೊಂಡ ಸಿದ್ಧ ಕನ್ನಡಕ ಚಾಳೀಸಿಗೆ ತಕ್ಕಮಟ್ಟಿಗೆ ಒದಗಬಹುದು. ಆದರೆ ಎರಡು ಕಣ್ಣುಗಳ ಅಳತೆ ಬೇರೆಯಾಗಿದ್ದರೆ ಅದು ಸಾಲದು. ಗ್ಲಾಕೋಮಾ, ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲಕ್ಕೆ ಆಗುವ ಹಾನಿಗಳನ್ನು ಅದು ಪತ್ತೆಹಚ್ಚದು. ನಲವತ್ತರ ಹೊಸ್ತಿಲಲ್ಲಿ ಒಮ್ಮೆ ಪೂರ್ಣ ಪರೀಕ್ಷೆ ಆಗಲೇಬೇಕು. ಎರಡನೆಯದು, ಶಿಬಿರ ನಡೆಸಿದ ಫೋಟೊ ಪತ್ರಿಕೆಯಲ್ಲಿ ಬಂದ ಮಾತ್ರಕ್ಕೆ ಕೆಲಸ ಮುಗಿಯದು. ಕೊಟ್ಟ ಕನ್ನಡಕವನ್ನು ಆರು ತಿಂಗಳ ಬಳಿಕವೂ ಧರಿಸುತ್ತಿದ್ದಾರೆಯೇ, ಮುರಿದರೆ ದುರಸ್ತಿ ಎಲ್ಲಿ, ಬೆಳೆಯುವ ಮಗುವಿನ ಪವರ್ ಬದಲಾಗಿದೆಯೇ ಎಂಬುದನ್ನು ವಿಚಾರಿಸುವವರಿರಬೇಕು. ಎಣಿಸಬೇಕಾದದ್ದು ಹಂಚಿದ ಕನ್ನಡಕಗಳನ್ನಲ್ಲ, ಧರಿಸಿದ ಕನ್ನಡಕಗಳನ್ನು.

ಈ ಪುಟವನ್ನು ಓದುತ್ತಿರುವವರಲ್ಲಿ ನಲವತ್ತೈದು ದಾಟಿದ ಅನೇಕರ ಮೂಗಿನ ಮೇಲೆ ಈ ಕ್ಷಣ ಕನ್ನಡಕವಿರಬಹುದು. ಅದಿಲ್ಲದಿದ್ದರೆ ತಮ್ಮ ಅರ್ಧ ದಿನದ ಕೆಲಸ ನಿಲ್ಲುತ್ತಿತ್ತು ಎಂಬುದು ಅವರಿಗೆ ಗೊತ್ತು. ಮನೆಗೆಲಸಕ್ಕೆ ಬರುವವರು ಅಕ್ಕಿಯಲ್ಲಿನ ಕಲ್ಲನ್ನು ಏಕೆ ಕಾಣುತ್ತಿಲ್ಲ, ಟೈಲರ್ ಸೂಜಿಗೆ ನೂಲು ಪೋಣಿಸಲು ಹುಡುಗನನ್ನು ಏಕೆ ಕರೆಯುತ್ತಾನೆ, ಮೀನುಗಾರ ಬಲೆಯನ್ನು ಏಕೆ ತೋಳುದ್ದಕ್ಕೆ ಹಿಡಿಯುತ್ತಾನೆ ಎಂಬುದನ್ನು ಅದೇ ಅನುಭವದಿಂದ ಅವರು ಅರ್ಥಮಾಡಿಕೊಳ್ಳಬಲ್ಲರು. ಬೈಯುವ, ನಗುವ ಬದಲು ಒಮ್ಮೆ ಕಣ್ಣು ತೋರಿಸಿ ಬನ್ನಿ ಎಂದು ಹೇಳುವುದಕ್ಕೆ ಯಾವ ಯೋಜನೆಯೂ ಬೇಕಿಲ್ಲ. ದುಡಿಯುವ ಕೈಗೆ ಬಲವಿರುವವರೆಗೆ ಅದನ್ನು ನಡೆಸುವ ಕಣ್ಣಿಗೂ ಬೆಳಕಿರುವಂತೆ ನೋಡಿಕೊಳ್ಳುವುದು ದಯೆಯ ಮಾತಲ್ಲ, ನ್ಯಾಯದ ಮಾತು.